ಮನೆ ಕೊಳ್ಳುವವರ ಮನೋಭಾರ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಈ ಎರಡು ಕಾರ್ಯಗಳನ್ನು ನಮ್ಮ ಹಿರಿಯರು ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಿದರು. ಆದರೆ ಯಾವುದು ಎಷ್ಟು ತೂಗಿತೆಂಬುದನ್ನು ಅಂಕಿಗಳಲ್ಲಿ ಹೇಳಿಹೋಗಲಿಲ್ಲ. ಆ ಕೆಲಸಕ್ಕೆ ಕೈಹಾಕಿದವರು ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹಿ ಎಂಬ ಇಬ್ಬರು ಅಮೆರಿಕನ್ ವೈದ್ಯರು. ಮನುಷ್ಯನ ಬಾಳಿನಲ್ಲಿ ಬಂದೊದಗುವ 43 ಘಟನೆಗಳ ಪಟ್ಟಿಯೊಂದನ್ನು ಅವರು ಸಿದ್ಧಪಡಿಸಿ, 394 ಮಂದಿಯ ಮುಂದಿಟ್ಟು, ಪ್ರತಿಯೊಂದಕ್ಕೂ ಹೊಂದಿಕೊಳ್ಳಲು ಎಷ್ಟು ಶ್ರಮಬೇಕಾಗುವುದೆಂದು ಕೇಳಿದರು. ಅಳತೆಗೆ ಒಂದು ಮಾನಕ ಬೇಕಷ್ಟೆ? ವಿಚಿತ್ರವೆಂದರೆ, ಅವರು ಮಾನಕವಾಗಿ ಆರಿಸಿಕೊಂಡದ್ದು ಮದುವೆಯನ್ನೇ! ಮದುವೆಗೆ 500 ಎಂದು ಗೊತ್ತುಮಾಡಿ, ಉಳಿದವನ್ನು ಅದಕ್ಕೆ ಹೋಲಿಸಿ ಅಂಕ ಕೊಡುವಂತೆ ಕೇಳಿದರು. ಬಳಿಕ ಎಲ್ಲವನ್ನೂ ಹತ್ತರಿಂದ ಭಾಗಿಸಿ 1967ರಲ್ಲಿ ಪ್ರಕಟಿಸಿದರು.

ಆ ಪಟ್ಟಿಯಲ್ಲಿ ಬಾಳಸಂಗಾತಿಯ ಮರಣಕ್ಕೆ 100, ಮದುವೆಗೆ 50, ಹತ್ತುಸಾವಿರ ಡಾಲರಿಗೆ ಮೀರಿದ ಅಡಮಾನದ ಸಾಲಕ್ಕೆ 31, ವಾಸಸ್ಥಳದ ಬದಲಾವಣೆಗೆ 20. ಮನೆ ಕೊಳ್ಳುವವನಿಗೆ ಇವು ಬಿಡಿಬಿಡಿಯಾಗಿ ಬರುವುದಿಲ್ಲ. ಸಾಲದ 31ಕ್ಕೆ ವಾಸಸ್ಥಳದ 20, ಹಣಕಾಸಿನ ಸ್ಥಿತಿಯ ಬದಲಾವಣೆಯ 38, ಜೀವನಕ್ರಮದ ಬದಲಾವಣೆಯ 25 ಸೇರಿದರೆ ಮೊತ್ತ 114 ಆಯಿತು. ಎರಡು ಮದುವೆಗಳನ್ನೂ ಮೀರಿತು. ಈ ಅಳತೆಗೋಲು ಒರಟಾದದ್ದು. ಸೀಯಾಟಲ್‌ನವನ ಮನಸ್ಸಿನ ತೂಕ ಶಿವಮೊಗ್ಗದವನಿಗೆ ಹೊಂದಬೇಕೆಂಬ ನಿಯಮವಿಲ್ಲ. ಅಂಕಗಳನ್ನು ಕೂಡಿಸಿ ಕಾಯಿಲೆಯ ಭವಿಷ್ಯ ನುಡಿಯಹೊರಡುವುದು ಅವಿವೇಕ. ಆದರೂ ಒಂದು ಮಾತನ್ನು ಅದು ಸ್ಪಷ್ಟಪಡಿಸುತ್ತದೆ: ಸಂತೋಷದ ಘಟನೆಯೂ ಭಾರವೇ. ಗೃಹಪ್ರವೇಶದ ಆಮಂತ್ರಣ ಹಂಚುತ್ತಿರುವ ಗೃಹಸ್ಥನ ಕಣ್ಣಿನ ಕೆಳಗೆ ಕಪ್ಪು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಈ ಲೇಖನದ ವಾಚಕರಲ್ಲಿ ಬಹುಮಂದಿ ವಿದ್ಯಾರ್ಥಿಗಳು. ನಮಗೂ ಮನೆಯ ಸಾಲಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಉಂಟು. ನನ್ನ ತರಗತಿಯ ಹುಡುಗನೊಬ್ಬ ಪರೀಕ್ಷಾಶುಲ್ಕ ಕಟ್ಟುವ ಕೊನೆಯ ದಿನದವರೆಗೂ ಸುಮ್ಮನಿದ್ದ. ಕಾರಣ ಕೇಳಿದಾಗ, 'ಸರ್, ಮನೆ ರಿಜಿಸ್ಟ್ರಿ ಆಗೋವರೆಗೂ ಅಪ್ಪನ ಹತ್ತಿರ ದುಡ್ಡಿನ ಮಾತೆತ್ತುವ ಹಾಗಿಲ್ಲ' ಎಂದ. ತಂದೆಯ ಹೆಗಲ ಮೇಲಿನ ಭಾರ ಮಗನ ಹೆಗಲಿಗೂ ಹರಡಿತ್ತು. ಆ ಭಾರದ ಸ್ವರೂಪವೇನೆಂಬುದನ್ನು ತಿಳಿದುಕೊಂಡರೆ ಅದನ್ನು ಹೊರುವ ರೀತಿಯೂ ಕೆಲಮಟ್ಟಿಗೆ ಗೊತ್ತಾದೀತು.

ಆಂಗ್ಲದಲ್ಲಿ ಇದಕ್ಕೆ 'ಸ್ಟ್ರೆಸ್' ಎನ್ನುತ್ತಾರೆ. ಈ ಶಬ್ದ ಮನಶ್ಶಾಸ್ತ್ರದ ಸ್ವಂತ ಸೊತ್ತಲ್ಲ. ನಮ್ಮ ಭೌತಶಾಸ್ತ್ರದಿಂದ ಎರವಲು ಹೋದದ್ದು. ತಂತಿಯೊಂದಕ್ಕೆ ತೂಕವನ್ನು ತೂಗುಹಾಕಿದಾಗ ಅದರ ಅಡ್ಡಕೊಯ್ತದ ಪ್ರತಿಯೊಂದು ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲ 'ಸ್ಟ್ರೆಸ್', ಅಂದರೆ ಪೀಡನ. ಅದರಿಂದ ತಂತಿ ತನ್ನ ಉದ್ದಕ್ಕೆ ಅನುಪಾತವಾಗಿ ಹಿಗ್ಗುವುದು 'ಸ್ಟ್ರೇನ್', ಅಂದರೆ ವಿಕೃತಿ. ಸ್ಥಿತಿಸ್ಥಾಪಕತೆಯ ಮಿತಿಯೊಳಗೆ ಇವೆರಡೂ ಒಂದಕ್ಕೊಂದು ಅನುಪಾತದಲ್ಲಿರುತ್ತವೆಂದು ರಾಬರ್ಟ್ ಹುಕ್ 1678ರಲ್ಲಿ ಸಾರಿದನು. ತೂಕವನ್ನು ತೆಗೆದರೆ ತಂತಿ ಮೊದಲಿನ ಉದ್ದಕ್ಕೇ ಮರಳುತ್ತದೆ. ಮಿತಿಯನ್ನು ದಾಟಿತೋ, ತೂಕ ತೆಗೆದರೂ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ. ಹಂಗೇರಿ ಮೂಲದ ಹಾನ್ಸ್ ಸೆಲ್ಯೆ ಎಂಬ ವೈದ್ಯನು ಕೆನಡದ ಮಾಂಟ್ರಿಯಲ್ ನಗರದಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ಚಳಿ, ವಿಷ, ಗಾಯ, ಅತಿಶ್ರಮ ಯಾವುದಕ್ಕೆ ಗುರಿಮಾಡಿದರೂ ಅವುಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳು ಕಾಣುವುದನ್ನು ಗಮನಿಸಿ, 1936ರಲ್ಲಿ 'ನೇಚರ್' ಪತ್ರಿಕೆಗೆ ಸಣ್ಣದೊಂದು ಪತ್ರ ಬರೆದನು. ಅಡ್ರಿನಲ್ ಗ್ರಂಥಿ ಹಿಗ್ಗುವುದು, ಥೈಮಸ್ ಕುಗ್ಗುವುದು, ಜಠರದಲ್ಲಿ ಹುಣ್ಣಾಗುವುದು—ಇವು ಆ ಬದಲಾವಣೆಗಳು. ಮುಂದೆ ಇದಕ್ಕೆ ಅವನು 'ಸ್ಟ್ರೆಸ್' ಎಂಬ ಹೆಸರನ್ನು ನೆಲೆಗೊಳಿಸಿದನು. ದೇಹದಲ್ಲಿ ಆಗುವುದು ವಿಕೃತಿಯಾದ್ದರಿಂದ 'ಸ್ಟ್ರೇನ್' ಎನ್ನಬೇಕಾಗಿತ್ತೆಂದು ಅವನಿಗೇ ಆಮೇಲೆ ತೋರಿತಂತೆ. ಅಷ್ಟರಲ್ಲಿ ಹೆಸರು ಲೋಕವೆಲ್ಲ ಹಬ್ಬಿಬಿಟ್ಟಿತ್ತು.

ಇದಕ್ಕೂ ಮುಂಚೆಯೇ ಹಾರ್ವರ್ಡಿನ ವಾಲ್ಟರ್ ಕ್ಯಾನನ್, ಅಪಾಯ ಎದುರಾದಾಗ ಅಡ್ರಿನಲೀನ್ ರಕ್ತಕ್ಕೆ ಸೇರಿ, ಎದೆಬಡಿತ ಏರಿ, ದೇಹವು ಕಾದಾಟಕ್ಕೆ ಅಥವಾ ಓಟಕ್ಕೆ ಅಣಿಯಾಗುವುದೆಂದು 1915ರಲ್ಲಿ ವಿವರಿಸಿದ್ದನು. ಹುಲಿ ಎದುರಾದಾಗ ಇದು ಪರಮೋಪಕಾರಿ. ಆದರೆ ಬ್ಯಾಂಕಿನ ಪತ್ರ ಎದುರಾದಾಗ? ಅದರೊಡನೆ ಕಾದಾಡುವಂತಿಲ್ಲ, ಅದರಿಂದ ಓಡುವಂತೆಯೂ ಇಲ್ಲ. ಹುಲಿ ಹತ್ತು ನಿಮಿಷದಲ್ಲಿ ಹೊರಟುಹೋಗುತ್ತದೆ; ಸಾಲ ಇಪ್ಪತ್ತು ವರ್ಷ ಬಾಗಿಲಲ್ಲೇ ಕುಳಿತಿರುತ್ತದೆ. ಜರ್ಮನಿಯ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್ ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿಯ ಅಚ್ಚುಗಳನ್ನು ಪರೀಕ್ಷಿಸಿ, ಒಮ್ಮೆಗೇ ಮುರಿಯಲಾರದ ಸಣ್ಣ ಪೀಡನವೂ ಲಕ್ಷಾಂತರ ಬಾರಿ ಮರುಕಳಿಸಿದರೆ ಉಕ್ಕನ್ನು ಮುರಿಯಬಲ್ಲದೆಂದು ತೋರಿಸಿದನು. ಇದನ್ನೇ ಲೋಹದ ದಣಿವು ಎನ್ನುತ್ತೇವೆ. ಮನೆ ಕೊಳ್ಳುವವನನ್ನು ದಣಿಸುವುದೂ ಇಂಥ ಮರುಕಳಿಕೆಯೇ: ಇಂದು ದಲ್ಲಾಳಿಯ ದೂರವಾಣಿ, ನಾಳೆ ವಕೀಲರು ಕೇಳಿದ ಮತ್ತೊಂದು ಕಾಗದ, ನಾಡಿದ್ದು 'ಸರ್ವರ್ ಇಲ್ಲ, ಸೋಮವಾರ ಬನ್ನಿ' ಎಂಬ ಉತ್ತರ.

ಹಾಗಾದರೆ ಭಾರವನ್ನು ಹಗುರಗೊಳಿಸುವುದು ಯಾವುದು? ಈ ಪ್ರಶ್ನೆಗೆ ನನ್ನ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳ ಉತ್ತರ ದೊರೆತದ್ದು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದಲ್ಲಿ ಜೇ ವೈಸ್ 1970ರ ಆಸುಪಾಸಿನಲ್ಲಿ ನಡೆಸಿದ ಪ್ರಯೋಗಗಳಿಂದ. ಎರಡು ಇಲಿಗಳ ಬಾಲಗಳಿಗೆ ಒಂದೇ ಮಂಡಲದ ಮೂಲಕ ವಿದ್ಯುದಾಘಾತ. ಇಬ್ಬರಿಗೂ ಅದೇ ಪ್ರಮಾಣ, ಅದೇ ಕ್ಷಣ. ಒಂದಕ್ಕೆ ಮಾತ್ರ ಆಘಾತಕ್ಕೆ ಸ್ವಲ್ಪ ಮುಂಚೆ ಒಂದು ನಾದದ ಮುನ್ಸೂಚನೆ. ಇನ್ನೊಂದಕ್ಕೆ ನಾದ ಕೇಳಿದರೂ ಅದಕ್ಕೂ ಆಘಾತಕ್ಕೂ ಸಂಬಂಧವಿಲ್ಲ. ಎರಡನೆಯ ಇಲಿಗೆ ಜಠರದ ಹುಣ್ಣುಗಳು ವಿಪರೀತವಾದವು. ಮುನ್ಸೂಚನೆ ಪಡೆದದ್ದಕ್ಕೆ ಅದಕ್ಕಿಂತ ಬಹಳ ಕಡಮೆ. ಮತ್ತೊಂದು ಪ್ರಯೋಗದಲ್ಲಿ, ಚಕ್ರವನ್ನು ತಿರುಗಿಸಿ ಆಘಾತವನ್ನು ನಿಲ್ಲಿಸಬಲ್ಲ ಇಲಿಯು, ಅಷ್ಟೇ ಆಘಾತ ತಿಂದ ಅಸಹಾಯ ಇಲಿಗಿಂತ ಆರೋಗ್ಯವಾಗಿತ್ತು. ಆಘಾತ ಸಮವಾಗಿದ್ದರೂ ಹಾನಿ ಸಮವಾಗಿರಲಿಲ್ಲ. ಏನು ಬರಲಿದೆಯೆಂಬ ತಿಳಿವು, ಕೈಯಲ್ಲೊಂದು ಹಿಡಿತ—ಇವೆರಡೇ ವ್ಯತ್ಯಾಸ. ಇಲಿಯಿಂದ ಮನುಷ್ಯನಿಗೆ ನೇರವಾಗಿ ನೆಗೆಯಬಾರದು, ನಿಜ; ಆದರೆ ಮನೆ ಕೊಳ್ಳುವಾಗಿನ ಬವಣೆಯನ್ನು ಈ ಎರಡು ತಲೆಬರಹಗಳಡಿ ಹರಡಿ ನೋಡಿದರೆ ಬಹಳಷ್ಟು ತಿಳಿಯಾಗುತ್ತದೆ.

ಮೊದಲು ತಿಳಿವಿನ ಮಾತು. ಅದರಲ್ಲಿ ಮುಖ್ಯವಾದದ್ದು ಸಾಲದ ಗಣಿತ. ಪ್ರೌಢಶಾಲೆಯ ಚಕ್ರಬಡ್ಡಿ ಬಲ್ಲವರಿಗೆ ಇದು ಕಷ್ಟವಲ್ಲ. 30 ಲಕ್ಷ ರೂಪಾಯಿಗಳನ್ನು ವರ್ಷಕ್ಕೆ ಶೇಕಡ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ಮಾಸಿಕ ಕಂತು ಸುಮಾರು 26,992 ರೂಪಾಯಿ. ಮೊದಲನೆಯ ತಿಂಗಳ ಬಡ್ಡಿಯೇ 22,500. ಅಸಲಿಗೆ ಸಲ್ಲುವುದು 4,492 ಮಾತ್ರ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ ಉಳಿದಿರುವ ಅಸಲು ಸುಮಾರು 21 ಲಕ್ಷ 31 ಸಾವಿರ. ಅಸಲು ಅರ್ಧಕ್ಕಿಳಿಯುವುದು ಹದಿನಾಲ್ಕನೆಯ ವರ್ಷದ ಕೊನೆಗೆ. ಇದನ್ನು ಅರಿಯದ ಗೃಹಸ್ಥನು ಐದನೆಯ ವರ್ಷದಲ್ಲಿ ಬ್ಯಾಂಕಿನ ಲೆಕ್ಕಪತ್ರ ನೋಡಿ, ಯಾರೋ ತನಗೆ ಮೋಸಮಾಡಿದರೆಂದು ರಾತ್ರಿಯೆಲ್ಲ ಹೊರಳಾಡುತ್ತಾನೆ. ಅರಿತವನಿಗೆ ಅದು ಮುನ್ಸೂಚನೆ ಕೊಟ್ಟು ಬಂದ ಆಘಾತ.

ಇನ್ನೂ ಗಹನವಾದ ಸಂಗತಿಯೊಂದುಂಟು. ನಮ್ಮಲ್ಲಿನ ಗೃಹಸಾಲಗಳಲ್ಲಿ ಬಹುಪಾಲು ಏರಿಳಿಯುವ ಬಡ್ಡಿಯವು. ದರ ಏರಿದಾಗ ಕಂತನ್ನು ಏರಿಸದೆ ಅವಧಿಯನ್ನು ಹಿಗ್ಗಿಸುವುದು ಬ್ಯಾಂಕುಗಳ ರೂಢಿ. ಮೇಲಿನ ಸಾಲದಲ್ಲಿ ಆರಂಭದಲ್ಲೇ ದರವು 9ರಿಂದ 10ಕ್ಕೆ ಏರಿ ಕಂತು ಅಷ್ಟೇ ಉಳಿದರೆ, 20 ವರ್ಷದ ಅವಧಿ 26 ವರ್ಷಕ್ಕೂ ಮೀರುತ್ತದೆ. ಒಂದಕ್ಕೆ ಆರು ವರ್ಷವಾದರೆ ಎರಡಕ್ಕೆ ಹನ್ನೆರಡು ಎಂದು ಹುಕ್‌ನ ನಿಯಮದಂತೆ ಊಹಿಸುವಿರೇನೋ. ಹಾಗಲ್ಲ! ದರ 11 ಆದರೆ ತಿಂಗಳ ಬಡ್ಡಿಯೇ 27,500; ಕಂತು ಅದಕ್ಕಿಂತ ಕಡಮೆ. ಸಾಲ ಎಂದಿಗೂ ತೀರದು, ಬದಲಾಗಿ ಬೆಳೆಯುತ್ತದೆ. ತಂತಿಯು ಸ್ಥಿತಿಸ್ಥಾಪಕತೆಯ ಮಿತಿ ದಾಟಿದ ಸ್ಥಿತಿ ಇದು. ಇದು ಬರಿಯ ಕಲ್ಪನೆಯಲ್ಲ: 2022ರ ಮೇ ತಿಂಗಳಿಂದ 2023ರ ಫೆಬ್ರವರಿಯವರೆಗೆ ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು 4ರಿಂದ 6.5ಕ್ಕೆ ಏರಿಸಿತು. ಅವಧಿ ಹಿಗ್ಗಿದ ಸಾಲಗಾರರ ಗೋಳು ಕೇಳಿಬಂದ ಮೇಲೆ 2023ರ ಆಗಸ್ಟಿನಲ್ಲಿ, ದರ ಬದಲಾದಾಗ ಕಂತು ಏರಿಸಬೇಕೆ, ಅವಧಿ ಹಿಗ್ಗಿಸಬೇಕೆ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು ಆದೇಶಿಸಿತು. ಇಲಿಯ ಚಕ್ರವೆಂದರೆ ಇದೇ. ಅದು ಅಲ್ಲಿದೆಯೆಂದು ಗೊತ್ತಿದ್ದರೆ ತಾನೆ ತಿರುಗಿಸುವುದು?

ಇಂಜಿನಿಯರನು ಲಿಫ್ಟಿನ ಹಗ್ಗವನ್ನು ಆರಿಸುವಾಗ, ಹೊರಬೇಕಾದ ತೂಕಕ್ಕಿಂತ ಹಲವು ಪಟ್ಟು ತೂಕ ತಾಳುವಂಥದನ್ನೇ ಆರಿಸುತ್ತಾನೆ. ಇದು ಸುರಕ್ಷಾಗುಣಾಂಕ. ಸಾಲ ಪಡೆಯುವ ಮುನ್ನ ಗೃಹಸ್ಥನೂ ದರವನ್ನು ಎರಡು ಅಂಶ ಏರಿಸಿ ಲೆಕ್ಕಹಾಕಬೇಕು. ನಮ್ಮ ಉದಾಹರಣೆಯಲ್ಲಿ ಅವಧಿ ಹಿಗ್ಗದಂತೆ ಶೇಕಡ 11ರ ಕಂತು 30,966. ಅದನ್ನು ಕಟ್ಟಿ, ಮನೆಯವರ ಊಟ, ಔಷಧ, ಮಕ್ಕಳ ಶುಲ್ಕ ಸಾಗುವುದಾದರೆ ಸರಿ. ಸಾಗದಿದ್ದರೆ ಮನೆ ಚಿಕ್ಕದಾಗಲಿ, ಇಲ್ಲವೆ ಎರಡು ವರ್ಷ ತಡೆಯಲಿ. ಬಾಡಿಗೆಯ ಮನೆಯಲ್ಲಿರುವುದು ನಾಚಿಕೆಗೇಡೆಂಬ ಭಾವನೆ ನಮ್ಮ ಮಧ್ಯಮವರ್ಗದಲ್ಲಿ ಬೇರೂರಿದೆ. ಬಂಧುಗಳ ಮನೆಯ ಶುಭಕಾರ್ಯಗಳಲ್ಲಿ 'ಸ್ವಂತದ್ದಾಯಿತೆ?' ಎಂದು ಕೇಳುವ ದೊಡ್ಡಪ್ಪಂದಿರು ಕಂತನ್ನು ಕಟ್ಟಲು ಬರುವುದಿಲ್ಲವೆಂಬುದನ್ನು ಮರೆಯಲಾಗದು.

ಇನ್ನು ಕಾಗದಪತ್ರಗಳ ಹಿಡಿತ. ಕರ್ನಾಟಕದಲ್ಲಿ ಖಾತೆಯೆಂಬುದು ತೆರಿಗೆಗಾಗಿ ಬರೆದ ದಾಖಲೆಯೇ ಹೊರತು ಒಡೆತನದ ರುಜುವಾತಲ್ಲ; ಒಡೆತನವನ್ನು ಮೂಲಪತ್ರದಿಂದ ಇಂದಿನವರೆಗಿನ ಕ್ರಯಪತ್ರಗಳ ಸರಣಿಯಲ್ಲಿ ಹುಡುಕಬೇಕು. ಆಸ್ತಿಯ ಮೇಲೆ ನೋಂದಾಯಿತ ಸಾಲಸೋಲಗಳಿವೆಯೇ ಎಂಬುದು ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರದಿಂದ ತಿಳಿಯುತ್ತದೆ. ಕಟ್ಟುತ್ತಿರುವ ಫ್ಲಾಟನ್ನು ಕೊಳ್ಳುವವರಿಗೆ 2016ರ 'ರೇರಾ' ಕಾಯಿದೆ ಬಲವಾದ ಆಸರೆ: ನೋಂದಾಯಿತ ಕರಾರಿಲ್ಲದೆ ಬೆಲೆಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ, ಕೊಳ್ಳುವವರಿಂದ ಬಂದ ಹಣದ ಶೇಕಡ 70ನ್ನು ಆ ಕಟ್ಟಡದ ನೆಲ ಹಾಗೂ ನಿರ್ಮಾಣದ ವೆಚ್ಚಕ್ಕೆಂದೇ ಪ್ರತ್ಯೇಕ ಲೆಕ್ಕದಲ್ಲಿಡಬೇಕು, ವಾಯಿದೆ ಮೀರಿದರೆ ಕೊಂಡವನು ಬಡ್ಡಿಸಹಿತ ಹಣ ಹಿಂಪಡೆಯಬಹುದು, ಇಲ್ಲವೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಕಾನೂನು ಇದ್ದಮಾತ್ರಕ್ಕೆ ಹಣ ಮರುದಿನವೇ ಕೈಸೇರುವುದಿಲ್ಲವೆಂಬುದೂ ಸತ್ಯ.

ಈ ಪತ್ರಗಳನ್ನು ಓದುವ ಹೊತ್ತೂ ಮುಖ್ಯ. 2013ರಲ್ಲಿ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮೊದಲಾದವರು ತಮಿಳುನಾಡಿನ ಕಬ್ಬಿನ ರೈತರನ್ನು ಕೊಯ್ಲಿಗೆ ಮುಂಚೆ ಕೈ ಬರಿದಾಗಿದ್ದಾಗಲೂ, ಕೊಯ್ಲಿನ ನಂತರ ಹಣ ಬಂದಾಗಲೂ ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಅದೇ ರೈತರು ಕೊಯ್ಲಿಗೆ ಮುಂಚಿನ ಪರೀಕ್ಷೆಗಳಲ್ಲಿ ಹಿಂದೆಬಿದ್ದಿದ್ದರು. ಅವರ ಬುದ್ಧಿ ಮಂಕಾಗಿರಲಿಲ್ಲ. ಹಣದ ಚಿಂತೆ ಗಮನದ ಒಂದು ಪಾಲನ್ನು ನುಂಗಿತ್ತು. ಆದ್ದರಿಂದ ಮುಂಗಡ ಕೊಡುವ ಆತುರದ ಸಂಜೆ, ದಲ್ಲಾಳಿ ಎದುರಿಗೆ ಕುಳಿತು 'ಇನ್ನೊಬ್ಬರು ಕಾಯುತ್ತಿದ್ದಾರೆ' ಎನ್ನುತ್ತಿರುವಾಗ, ನಲವತ್ತು ಪುಟದ ಕರಾರಿಗೆ ಸಹಿಹಾಕಲೇಕೂಡದು. ಕಾಗದ ಒಂದು ರಾತ್ರಿ ಮನೆಯಲ್ಲಿರಲಿ. ಬೆಳಗ್ಗೆ ಇಬ್ಬರು ಓದಲಿ.

ನಿದ್ದೆಯ ವಿಷಯದಲ್ಲಿ ಸಣ್ಣ ಉಪಾಯವೊಂದಿದೆ. ಅಮೆರಿಕದ ಬೇಯ್ಲರ್ ವಿಶ್ವವಿದ್ಯಾನಿಲಯದವರು 57 ಯುವಜನರನ್ನು ಎರಡು ಗುಂಪುಮಾಡಿ ಮಲಗುವ ಮುನ್ನ ಐದು ನಿಮಿಷ ಬರೆಯಿಸಿದರು. ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ, ಮುಂದೆ ಮಾಡಬೇಕಾದವನ್ನು ಬರೆದವರು ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ರಿಸಿದರೆಂದು 2018ರಲ್ಲಿ ವರದಿಯಾಯಿತು. ಸಣ್ಣ ಪ್ರಯೋಗವೇ; ಆದರೆ ಖರ್ಚು ಒಂದು ಹಾಳೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಎದೆ ಹಿಡಿದಂತಾಗುತ್ತಿದ್ದರೆ ಹಾಳೆ ಸಾಲದು, ವೈದ್ಯರಲ್ಲಿಗೆ ಹೋಗಬೇಕು. ಮನಸ್ಸಿನ ತೊಂದರೆಗಳಿಗಾಗಿ ಸರ್ಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಪೀಡನವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದೆವಷ್ಟೆ. ಬಲ ಕುಗ್ಗದಿದ್ದರೂ ವಿಸ್ತೀರ್ಣ ಹೆಚ್ಚಿದರೆ ಪೀಡನ ಕುಗ್ಗುತ್ತದೆ. ಲೆಕ್ಕವನ್ನು ಒಬ್ಬರೇ ಬಚ್ಚಿಟ್ಟುಕೊಂಡ ಮನೆಗಳಲ್ಲಿ ಉಳಿದವರು ಮೌನವನ್ನು ಕಂಡು ಇದ್ದದ್ದಕ್ಕಿಂತ ಘೋರವಾದುದನ್ನು ಊಹಿಸಿಕೊಳ್ಳುತ್ತಾರೆ. ಪರೀಕ್ಷಾಶುಲ್ಕದ ಹುಡುಗನಿಗೆ ಆದದ್ದು ಇದೇ. ಅವನ ತಂದೆ ಶುಲ್ಕದ ಹಣವನ್ನು ತೆಗೆದಿಟ್ಟೇ ಇದ್ದರೆಂದು ಬಳಿಕ ತಿಳಿಯಿತು. ನೀವು ಸಾಲ ತೀರಿಸಲಾರಿರಿ; ಆದರೆ ಗಣಿತ ಬಲ್ಲಿರಿ. ಒಂದು ಭಾನುವಾರ ತಂದೆತಾಯಿಗಳೊಡನೆ ಕುಳಿತು ಕಂತಿನ ಪಟ್ಟಿ ಮಾಡಿಕೊಡಿ.

ಅಭ್ಯಾಸಕ್ಕೆ ಒಂದು ಲೆಕ್ಕ. ಏರಿಳಿಯುವ ದರದ ಗೃಹಸಾಲವನ್ನು ಅವಧಿಗೆ ಮುಂಚೆ ಕಟ್ಟಿದರೆ ವ್ಯಕ್ತಿಗಳಿಂದ ಬ್ಯಾಂಕುಗಳು ದಂಡ ಪಡೆಯಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ವಿಧಿಸಿದೆ. ಮೇಲಿನ 30 ಲಕ್ಷದ ಸಾಲದಲ್ಲಿ, ದರ 9ರಲ್ಲೇ ನಿಂತಿದೆಯೆಂದಿಟ್ಟುಕೊಂಡು, ಮೊದಲನೆಯ ವರ್ಷದ ಕೊನೆಗೆ ಒಂದು ಲಕ್ಷವನ್ನು ಹೆಚ್ಚಾಗಿ ಕಟ್ಟಿದರೆ ಕೊನೆಯ 19 ಕಂತುಗಳು ಇಲ್ಲವಾಗುತ್ತವೆ. ಅದೇ ಒಂದು ಲಕ್ಷವನ್ನು ಹದಿನೈದನೆಯ ವರ್ಷದ ಕೊನೆಗೆ ಕಟ್ಟಿದರೆ ಉಳಿಯುವುದು ಸುಮಾರು ಆರು ಕಂತು. ಎರಡನ್ನೂ ಲಾಗರಿದಮ್ ಕೋಷ್ಟಕದಿಂದ ಸಾಧಿಸಿ ನೋಡಿ. ಬಳಿಕ ನಿಮ್ಮ ಮನೆಯ ಅಂಕಿಗಳನ್ನು ಹಾಕಿ.