ಸ್ವಚ್ಛ ಸಂಕೀರ್ಣಗಳಲ್ಲಿ ಮಳೆನೀರು ನಿರ್ವಹಣೆ: ಗೊಬ್ಬರದ ಅಂಗಳದ ವಿನ್ಯಾಸ

ಸ್ವಚ್ಛ ಸಂಕೀರ್ಣಕ್ಕೆ ಅಂದಾಜು ಪಟ್ಟಿ ತಯಾರಿಸುವಾಗ ಶೆಡ್, ತೊಟ್ಟಿ, ಕಾಂಪೌಂಡುಗಳ ಅಳತೆಯನ್ನು ನಾವು ಎಚ್ಚರಿಕೆಯಿಂದ ನಮೂದಿಸುತ್ತೇವೆ. ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂಬುದನ್ನು ಮಾತ್ರ ಮರೆಯುತ್ತೇವೆ. ನಾನು ಹಿಂದೆ ಕಾರ್ಯನಿರ್ವಹಿಸಿದ ಪಂಚಾಯಿತಿಯೊಂದರಲ್ಲಿ ಮೊದಲ ಮುಂಗಾರಿಗೇ ಇದರ ಪಾಠವಾಯಿತು. ಹಿಂಬದಿಯ ದಿಣ್ಣೆಯ ನೀರು ಶೆಡ್ಡಿಗೆ ನುಗ್ಗಿ, ಗೊಬ್ಬರದ ರಾಶಿಗಳನ್ನು ತೋಯಿಸಿ, ಕಪ್ಪು ನೀರಾಗಿ ಇಂಗುಗುಂಡಿಯನ್ನು ಸೇರಿತು. ಕೆಲವೇ ದಿನಗಳಲ್ಲಿ ಕೆಳಭಾಗದ ಮನೆಯವರು ಬಾವಿಯ ನೀರು ವಾಸನೆ ಬರುತ್ತಿದೆಯೆಂದು ಬಿಂದಿಗೆಯೊಡನೆ ಕಚೇರಿಗೆ ಬಂದರು. ಆ ಇಂಗುಗುಂಡಿಯನ್ನು ಅಲ್ಲಿ ತೋಡಿಸಿದವನು ನಾನೇ.

ಮೂರು ನೀರು, ಮೂರು ದಾರಿ

ಹೊರಗಿನಿಂದ ಹರಿದುಬರುವ ನೀರು, ಚಾವಣಿಯ ನೀರು, ಕಸವನ್ನು ಮುಟ್ಟಿದ ನೀರು ಎಂಬ ಮೂರು ಬಗೆಗಳನ್ನು ಪ್ರತ್ಯೇಕವಾಗಿ ಕಾಣಬೇಕು. ಮೊದಲೆರಡು ಶುದ್ಧವಾಗಿದ್ದು, ಅವುಗಳನ್ನು ಇಂಗಿಸಬಹುದು. ಮೂರನೆಯದು ಲೀಚೇಟ್, ಅಂದರೆ ಕಸದಿಂದ ಸೋರುವ ಕಪ್ಪು ದ್ರವ. ಅದನ್ನು ಎಂದಿಗೂ ಇಂಗಿಸಕೂಡದು. ಅದರಲ್ಲಿರುವ ಸಾರಜನಕವು ಮಣ್ಣಿನಲ್ಲಿ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಐ.ಎಸ್. 10500 ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ವಿಶೇಷವಾಗಿ ಹಸುಗೂಸುಗಳಿಗೆ ಅಪಾಯ.

ಲೆಕ್ಕಾಚಾರ

ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಈ ಒಂದು ಸೂತ್ರದಿಂದಲೇ ಹೆಚ್ಚಿನ ಲೆಕ್ಕ ಸಾಧ್ಯ. ಉದಾಹರಣೆಗೆ, ಗಂಟೆಗೆ 50 ಮಿ.ಮೀ. ಮಳೆಯನ್ನು ಪರಿಗಣಿಸೋಣ. ತಮ್ಮ ತಾಲ್ಲೂಕಿನ ಮಳೆಮಾಪನ ಕೇಂದ್ರದ ದಾಖಲೆಯಂತೆ ಇದನ್ನು ಬದಲಿಸಿಕೊಳ್ಳಬೇಕು.

ಶೆಡ್ಡಿನ ಮೇಲ್ಭಾಗದಲ್ಲಿ ಒಂದು ಎಕರೆ, ಅಂದರೆ ಸುಮಾರು 4000 ಚದರ ಮೀಟರ್ ಇಳಿಜಾರಿದ್ದು, ಬಿದ್ದ ಮಳೆಯ ಶೇ. 40 ಹರಿದುಬರುವುದಾದರೆ ಸೆಕೆಂಡಿಗೆ ಸುಮಾರು 22 ಲೀಟರ್ ನೀರು ಬರುತ್ತದೆ. 30 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ತಿರುವುಗಾಲುವೆಯನ್ನು 100 ಮೀಟರಿಗೆ 1 ಮೀಟರ್ ಇಳಿಜಾರಿನಲ್ಲಿ ತೋಡಿದರೆ, 20 ಸೆಂ.ಮೀ. ಆಳದ ಹರಿವಿನಲ್ಲಿಯೇ ಅದು ಸೆಕೆಂಡಿಗೆ ಸುಮಾರು 39 ಲೀಟರ್ ಸಾಗಿಸಬಲ್ಲದು. ಅಷ್ಟಿಷ್ಟು ಹೂಳು ತುಂಬಿದರೂ ಸಾಕಾಗುತ್ತದೆ. 200 ಚದರ ಮೀಟರ್ ಚಾವಣಿಯಿಂದ ಗಂಟೆಗೆ 10,000 ಲೀಟರ್ ಬೀಳುತ್ತದೆ. ಅದನ್ನು ದೋಣಿ ಮತ್ತು ಕೊಳವೆಯ ಮೂಲಕ ಅಂಗಳದ ಹೊರಗೆ ಒಯ್ಯಬೇಕು.

ಇನ್ನು ಲೀಚೇಟ್ ತೊಟ್ಟಿ. ಗೊಬ್ಬರದ ಅಂಗಳದ 300 ಚದರ ಮೀಟರ್ ತೆರೆದಿದ್ದರೆ ಒಂದೇ ಗಂಟೆಯಲ್ಲಿ 15 ಘನ ಮೀಟರ್ ಕೊಳೆನೀರು ಸೇರುತ್ತದೆ. ಚಾವಣಿ ಹೊದಿಸಿ 40 ಚದರ ಮೀಟರ್ ಮಾತ್ರ ತೆರೆದಿಟ್ಟರೆ ಬರುವುದು 2 ಘನ ಮೀಟರ್. ಆದುದರಿಂದ ತೊಟ್ಟಿಯನ್ನು ದೊಡ್ಡದು ಮಾಡುವ ಮೊದಲು ಮಳೆ ಬೀಳುವ ಜಾಗವನ್ನು ಚಿಕ್ಕದು ಮಾಡಬೇಕು.

ಅಂಗಳ ಮತ್ತು ರಾಶಿ

ಕಾಂಕ್ರೀಟ್ ಅಂಗಳಕ್ಕೆ ತೊಟ್ಟಿಯ ಕಡೆಗೆ ಶೇ. 2ರ ಇಳಿಜಾರು, ಸುತ್ತಲೂ 15 ಸೆಂ.ಮೀ. ಎತ್ತರದ ಅಂಚುಕಟ್ಟೆ ಇರಲಿ. ರಾಶಿಗಳನ್ನು ಇಳಿಜಾರಿನ ಉದ್ದಕ್ಕೇ ಹಾಕಬೇಕು. ಅಡ್ಡಲಾಗಿ ಹಾಕಿದರೆ ಬುಡದಲ್ಲಿ ನೀರು ನಿಲ್ಲುತ್ತದೆ. ರಾಶಿಯ ತೇವಾಂಶ ಶೇ. 50ರಿಂದ 60 ಇದ್ದರೆ ಉತ್ತಮ. ಹಿಡಿಯಷ್ಟನ್ನು ಹಿಂಡಿದಾಗ ಒಂದೆರಡು ಹನಿ ಜಿನುಗಬೇಕು, ಧಾರೆಯಾಗಿ ಸುರಿಯಬಾರದು. ಅತಿಯಾಗಿ ನೆನೆದ ರಾಶಿಗೆ ಗಾಳಿಯಾಡದೆ ದುರ್ವಾಸನೆ ಬರುತ್ತದೆ. ಒಣ ಎಲೆ ಬೆರೆಸಿ ತಿರುವಿಹಾಕಬೇಕು. ತೊಟ್ಟಿಯ ಲೀಚೇಟನ್ನು ಹೊಸ ರಾಶಿಗೆ ಚಿಮುಕಿಸಬಹುದು. ಮಾಗಿದ ಗೊಬ್ಬರಕ್ಕೆ ಹಾಕಿದರೆ ರೋಗಾಣುಗಳು ಮರಳಿ ಸೇರುತ್ತವೆ.

ಮುಂಗಾರಿಗೆ ಮುನ್ನ ಪರಿಶೀಲಿಸತಕ್ಕ ಅಂಶಗಳು

1. ತಿರುವುಗಾಲುವೆಯ ಹೂಳು ತೆಗೆಯಲಾಗಿದೆಯೇ?
2. ಚಾವಣಿಯ ದೋಣಿ, ಕೊಳವೆಗಳಲ್ಲಿ ಎಲೆ ಕಟ್ಟಿಕೊಂಡಿಲ್ಲವೇ?
3. ಲೀಚೇಟ್ ತೊಟ್ಟಿ ಖಾಲಿಯಿದೆಯೇ, ಬಿರುಕು ಬಿಟ್ಟಿಲ್ಲವೇ?
4. ಅಂಗಳದ ಯಾವುದೇ ಚರಂಡಿ ಇಂಗುಗುಂಡಿಗೆ ಸೇರಿಲ್ಲವೇ?
5. ಸಮೀಪದ ಬಾವಿ, ಕೊಳವೆಬಾವಿಗಳ ನೀರನ್ನು ಮಳೆಗಾಲದ ಮುಂಚೆ ಮತ್ತು ನಂತರ ಪರೀಕ್ಷೆಗೆ ಕಳುಹಿಸಲಾಗುತ್ತಿದೆಯೇ?

ಇವೆಲ್ಲಕ್ಕಿಂತ ಉತ್ತಮ ಪರೀಕ್ಷೆಯೊಂದಿದೆ. ಮೊದಲ ದೊಡ್ಡ ಮಳೆ ಸುರಿಯುತ್ತಿರುವಾಗಲೇ ಇಂಜಿನಿಯರ್ ಹಾಗೂ ಘಟಕ ನಡೆಸುವ ಒಕ್ಕೂಟದ ಸದಸ್ಯೆಯರೊಡನೆ ಕೊಡೆ ಹಿಡಿದು ಅಂಗಳವನ್ನು ಒಂದು ಸುತ್ತು ಬನ್ನಿ. ನಕ್ಷೆಯಲ್ಲಿ ಕಾಣದ ದಾರಿಯನ್ನು ನೀರೇ ತೋರಿಸುತ್ತದೆ.