ದುಡಿಮೆಯ ತಾಸುಗಳ ಲೆಕ್ಕ

ಈ ಶಾಲೆಯಲ್ಲಿ ಕಲಿತು ಹೋದವರಿಗೆ ತ್ರೈರಾಶಿಕದ ಒಂದು ಲೆಕ್ಕವು ನೆನಪಿರಬಹುದು. ಎಂಟು ಮಂದಿ ಕೂಲಿಕಾರರು ದಿನಕ್ಕೆ 12 ತಾಸಿನಂತೆ ದುಡಿದು ಒಂದು ಗೋಡೆಯನ್ನು 10 ದಿನಗಳಲ್ಲಿ ಕಟ್ಟುವರು; ದಿನಕ್ಕೆ 8 ತಾಸಿನಂತೆ ದುಡಿದರೆ ಎಷ್ಟು ದಿನಗಳು ಬೇಕು? 15 ಎಂದು ಬರೆದವಳಿಗೆ ನಾನು ಪೂರ್ಣ ಗುಣಗಳನ್ನು ಕೊಡುತ್ತ ಬಂದಿದ್ದೇನೆ. ಆದರೆ ಬೆಂಗಳೂರಿನ ಒಂದು ಉಡುಪಿನ ಕಾರಖಾನೆಯಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಸೂಟಿಯಲ್ಲಿ ಭೇಟಿಗೆ ಬಂದಾಗ, "ಅಕ್ಕೋರ, ಆ ಲೆಕ್ಕ ಖರೇ ಅಲ್ರಿ. ಕಡೀ ಎರಡು ತಾಸಿನಾಗ ಹೊಲಿದದ್ದನ್ನ ಮರುದಿನ ಮುಂಜಾನೆ ಬಿಚ್ಚಬೇಕಾಗತೈತ್ರಿ" ಎಂದಳು. ಅವಳ ಮಾತಿನಿಂದಲೇ ಈ ಲೇಖನವು ಹುಟ್ಟಿತು.

ನಮ್ಮ ವಾಚಕರಲ್ಲಿ ಗಂಗಾವತಿಯ ಅಕ್ಕಿಗಿರಣಿಯ ಮಾಲಕರೂ ಇದ್ದಾರೆ, ಅದೇ ಗಿರಣಿಯಲ್ಲಿ ಚೀಲ ಹೊರುವ ಹಮಾಲರೂ ಇದ್ದಾರೆ. ಆದದ್ದರಿಂದ ಒಂದೇ ಪಕ್ಷವನ್ನು ಹಿಡಿದು ಬರೆಯುವದು ಸರಿಯಲ್ಲ. ದುಡಿಮೆಯ ತಾಸುಗಳನ್ನು ಕಡಿಮೆ ಮಾಡಿರೆಂದರೆ ಮಾಲಕರು ಯಾಕೆ ಒಪ್ಪುವದಿಲ್ಲ ಎಂಬದನ್ನು ಸಮಾಧಾನದಿಂದ ವಿಚಾರಿಸೋಣ.

ಇಂಗ್ಲಂಡದಲ್ಲಿ ನಾಸೌ ಸೀನಿಯರನೆಂಬ ಅರ್ಥಶಾಸ್ತ್ರಜ್ಞನು 1837ರಲ್ಲಿ ಒಂದು ವಾದವನ್ನು ಮುಂದಿಟ್ಟನು. ನೂಲಿನ ಗಿರಣಿಯ ಲಾಭವೆಲ್ಲವೂ ದಿನದ ಕೊನೆಯ ತಾಸಿನಲ್ಲಿ ಹುಟ್ಟುವದು. ಆ ತಾಸನ್ನು ಕಿತ್ತುಕೊಂಡರೆ ಲಾಭವೇ ಹೋಯಿತು ಎಂಬದು ಅದರ ಸಾರ. 1847ರಲ್ಲಿ ಅಲ್ಲಿಯ ಪಾರ್ಲಿಮೆಂಟು ಹೆಂಗಸರಿಗೂ ಎಳೆಯ ವಯಸ್ಸಿನವರಿಗೂ ದಿನಕ್ಕೆ 10 ತಾಸಿನ ಮಿತಿಯನ್ನು ಹಾಕಿತು. ಗಿರಣಿಗಳು ದಿವಾಳಿಯಾಗಲಿಲ್ಲ. ಜರ್ಮನಿಯ ಯೇನಾ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳನ್ನು ಮಾಡುವ ತ್ಸೈಸ್ ಕಾರಖಾನೆಯನ್ನು ನಡಿಸುತ್ತಿದ್ದ ಅರ್ನ್ಸ್ಟ್ ಅಬ್ಬೆ ಎಂಬವರು 1900ರಲ್ಲಿ 9 ತಾಸಿನ ದಿನವನ್ನು 8ಕ್ಕೆ ಇಳಿಸಿ ಲೆಕ್ಕವಿಟ್ಟು ನೋಡಿದರು. ಒಟ್ಟು ಉತ್ಪನ್ನವು ಕುಗ್ಗುವದರ ಬದಲು ತುಸು ಹೆಚ್ಚಿತು. ದಣಿದ ಕೈ ನಿಧಾನವಾಗುವದು, ತಪ್ಪುವದು, ಗಾಯ ಮಾಡಿಕೊಳ್ಳುವದು. ನನ್ನ ವಿದ್ಯಾರ್ಥಿನಿಯು ಹೇಳಿದ್ದು ಇದನ್ನೇ.

ಹಾಗಾದರೆ ಮಾಲಕರು ಲೆಕ್ಕ ತಿಳಿಯದವರೋ? ಅಲ್ಲ. ಕೈಚಳಕವೇ ಮುಖ್ಯವಾಗಿರುವ ಕೆಲಸಕ್ಕೆ ಅಬ್ಬೆಯವರ ಮಾತು ಸಲ್ಲುವದು. ಯಂತ್ರವೇ ವೇಗವನ್ನು ಗೊತ್ತುಮಾಡುವ ಕಡೆಯಲ್ಲಿ ಅಷ್ಟಾಗಿ ಸಲ್ಲುವದಿಲ್ಲ. ಕೊಪ್ಪಳದಿಂದ ಹೊಸಪೇಟೆಗೆ ಹೋಗುವಾಗ ಗಿಣಿಗೇರಿಯ ಹತ್ತಿರ ಕಬ್ಬಿಣದ ಕುಲುಮೆಗಳನ್ನು ನೀವೆಲ್ಲರೂ ನೋಡಿರುವಿರಿ. ಅಂಥ ಕುಲುಮೆಯು ಹಗಲಿರುಳು ಉರಿಯತಕ್ಕದ್ದು. ಯಾವದಾದರೊಂದು ಕುಲುಮೆಯಲ್ಲಿ ಒಂದು ಪಾಳಿಗೆ 100 ಜನರು ಬೇಕೆಂದು ಭಾವಿಸಿರಿ. 12 ತಾಸಿನ ಪಾಳಿಯಾದರೆ 200 ಜನರು ಸಾಕು. 8 ತಾಸಿನದಾದರೆ 300 ಜನರು ಬೇಕು. ಪ್ರತಿಯೊಬ್ಬನ ದಿನದ ಪಗಾರವನ್ನು ಮೊದಲಿನಂತೆಯೇ ಇಟ್ಟರೆ ಮಾಲಕನ ವೆಚ್ಚವು ಒಂದೂವರೆ ಪಟ್ಟಾಯಿತು. ತಾಸಿನ ದರವನ್ನು ಮೊದಲಿನಂತೆಯೇ ಇಟ್ಟರೆ ಕೂಲಿಕಾರನ ಪಗಾರದಲ್ಲಿ ಮೂರರಲ್ಲೊಂದು ಪಾಲು ಹೋಯಿತು. ಜಗಳದ ಬೇರು ಇಲ್ಲಿದೆ. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲನು ಕಡಿಮೆ ತಾಸಿನ ಮಾತಿಗೆ ತಾನೇ ಮೊದಲು ಹೆದರುವದು ಇದೇ ಕಾರಣದಿಂದ. ಅಮೇರಿಕದ ಉಕ್ಕಿನ ಕಾರಖಾನೆಗಳಲ್ಲಿ 12 ತಾಸಿನ ಪಾಳಿಯು 1923ರ ವರೆಗೆ ನಡೆದಿತ್ತು. ಮೂರನೆಯ ಪಾಳಿಗೆ ಜನರೇ ಸಿಕ್ಕಲಾರರೆಂದು ಮಾಲಕರು ಹೇಳುತ್ತಿದ್ದರು. ರಾಷ್ಟ್ರಾಧ್ಯಕ್ಷ ಹಾರ್ಡಿಂಗರ ಒತ್ತಾಯಕ್ಕೆ ಮಣಿದು ಅದೇ ವರ್ಷ ಬಿಟ್ಟುಕೊಟ್ಟರು. ಜನರೂ ಸಿಕ್ಕರು.

ಇನ್ನೊಂದು ಕಾರಣವು ಸುಲಭವಾಗಿ ಕಣ್ಣಿಗೆ ಬೀಳುವದಿಲ್ಲ. ಭವಿಷ್ಯನಿಧಿ, ರಜೆ, ಕೆಲಸ ಕಲಿಸುವ ವೆಚ್ಚ, ಹಳ್ಳಿಯಿಂದ ಕರೆತರುವ ಬಸ್ಸು ಮೊದಲಾದವುಗಳಲ್ಲಿ ಬಹಳಷ್ಟು ತಲೆಗಳ ಲೆಕ್ಕದಿಂದ ಏರುವವೇ ಹೊರತು ತಾಸುಗಳ ಲೆಕ್ಕದಿಂದಲ್ಲ. ಆದದ್ದರಿಂದ ಹೊಸಬಳೊಬ್ಬಳನ್ನು ತೆಗೆದುಕೊಳ್ಳುವದಕ್ಕಿಂತ ಇದ್ದವಳನ್ನೇ ಎರಡು ತಾಸು ಹೆಚ್ಚು ನಿಲ್ಲಿಸುವದು ಅಗ್ಗವೆಂದು ಮಾಲಕನಿಗೆ ತೋರುವದು. ಹೆಚ್ಚಿನ ತಾಸುಗಳಿಗೆ ದುಪ್ಪಟ್ಟು ದರವನ್ನು ಕೊಡಬೇಕೆಂದು 1948ರ ಕಾರಖಾನೆಗಳ ಕಾಯಿದೆಯು ವಿಧಿಸಿದ್ದು ಈ ಆಶೆಗೆ ತಡೆಹಾಕುವದಕ್ಕಾಗಿಯೇ. ಆ ದುಪ್ಪಟ್ಟು ಕೈಗೆ ಬರುವದೋ ಇಲ್ಲವೋ ಎಂಬದನ್ನು ಹಳೆಯ ವಿದ್ಯಾರ್ಥಿನಿಯರು ತಮ್ಮ ಪಗಾರದ ಚೀಟಿಯಲ್ಲಿ ನೋಡಿಕೊಳ್ಳಬೇಕು. ಗುಣಾಕಾರವನ್ನು ಕಲಿಸಿದ್ದು ವ್ಯರ್ಥವಾಗಬಾರದು.

ಮೂರನೆಯದು ನೆರೆಯವನ ಭಯ. ಒಬ್ಬ ಗಿರಣಿಯವನು ತಾನೊಬ್ಬನೇ ತಾಸುಗಳನ್ನು ಇಳಿಸಿ ವೆಚ್ಚ ಏರಿಸಿಕೊಂಡರೆ ವ್ಯಾಪಾರಿಯು ಪಕ್ಕದ ಗಿರಣಿಯ ಅಕ್ಕಿಯನ್ನು ಕೊಳ್ಳುವನು. ಅಬ್ಬೆಯವರ ಮಸೂರಗಳಿಗೆ ಸರಿಗಟ್ಟುವವರು ವಿರಳವಾಗಿದ್ದರು, ಅಕ್ಕಿಗೆ ಹಾಗಿಲ್ಲ. ಇಲ್ಲಿ ಮಾಲಕನ ಒಳ್ಳೆಯತನವೊಂದೇ ಸಾಲದು. ಎಲ್ಲರನ್ನೂ ಒಂದೇ ದಿನ ಕಟ್ಟುವ ಕಾಯಿದೆಯೇ ಬೇಕು.

ಕಾಯಿದೆಯು ನಮ್ಮ ದೇಶಕ್ಕೆ ಬಂದ ಬಗೆಯೂ ವಿಚಿತ್ರವಾದದ್ದು. 1881ರ ಮೊದಲ ಕಾಯಿದೆಗಾಗಿ ಒತ್ತಾಯಪಡಿಸಿದವರಲ್ಲಿ ಲ್ಯಾಂಕಶೈರದ ಗಿರಣಿಯವರೂ ಇದ್ದರು. ಇದು ನಮ್ಮ ವ್ಯಾಪಾರವನ್ನು ಕೆಡಿಸುವ ಹೂಟವೆಂದು ಮುಂಬಯಿಯ ಮಾಲಕರು ಕೂಗಿದರು. ಆ ಕೂಗಿನಲ್ಲಿ ಸತ್ಯಾಂಶವಿತ್ತು. ಆದರೂ ಏಳು ವರ್ಷ ತುಂಬಿದ ಕೂಸುಗಳು 9 ತಾಸು ದುಡಿಯಬಹುದೆಂಬ ಆ ಕಾಯಿದೆಯನ್ನು ಕಠಿಣವೆನ್ನಲು ಯಾರಿಗೆ ಮನಸ್ಸು ಬಂದೀತು! ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕೂಲಿಕಾರರನ್ನು ಕೂಡಿಸಿ ಕೇಳಿದ ವಾರದ ಸೂಟಿಯು 1890ರಲ್ಲಿ ಮುಂಬಯಿಯಲ್ಲಿ ದೊರೆಯಿತು. ಗಂಡಸರ ದುಡಿಮೆಯ ಮಿತಿಯು 1922ರಲ್ಲಿ ವಾರಕ್ಕೆ 60 ತಾಸು, 1934ರಲ್ಲಿ 54 ಆಯಿತು. ಹತ್ತಿ ಹಿಂಜುವಂಥ ಹಂಗಾಮಿನ ಕಾರಖಾನೆಗಳಿಗೆ ಮಾತ್ರ 60 ಉಳಿಯಿತು. ಡಾ. ಅಂಬೇಡಕರರು ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಶಾಖೆಯನ್ನು ನೋಡುತ್ತಿದ್ದಾಗ ಮಂಡಿಸಿದ ತಿದ್ದುಪಡಿಯಿಂದ 1946ರಲ್ಲಿ 48ಕ್ಕೆ ಇಳಿಯಿತು. ಅಲ್ಲಿಂದ ಆ ಅಂಕಿಯು ಕೆಳಗೆ ಸರಿದಿಲ್ಲ. 2025ರ ನವೆಂಬರ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗಲೂ ಅದೇ 48.

ಮೇಲಕ್ಕೆ ಎಳೆಯುವ ಪ್ರಯತ್ನಗಳು ಮಾತ್ರ ನಿಂತಿಲ್ಲ. ಕರ್ನಾಟಕ ಸರಕಾರವು 2020ರ ಮೇ 22ರಂದು ದಿನಕ್ಕೆ 10 ತಾಸು, ವಾರಕ್ಕೆ 60 ತಾಸು ದುಡಿಸಲು ಅಪ್ಪಣೆಯಿತ್ತು, ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನೆ ಎದ್ದ ಮೇಲೆ ಜೂನಿನಲ್ಲಿ ಹಿಂತೆಗೆದುಕೊಂಡಿತು. 2023ರ ತಿದ್ದುಪಡಿಯು ವಾರದ 48ನ್ನು ಮುಟ್ಟದೆ ದಿನವನ್ನು 12 ತಾಸಿನವರೆಗೆ ಹಿಗ್ಗಿಸಿತು. ನಾಲ್ಕು ದಿನ ದುಡಿದು ಮೂರು ದಿನ ವಿಶ್ರಾಂತಿ ಪಡೆಯಬಹುದೆಂದು ಸಮರ್ಥಿಸಿದರು. ಕೇಳುವದಕ್ಕೆ ಇಂಪಾಗಿದೆ. ಆದರೆ ಯಲಬುರ್ಗಿಯ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬರುವ ಹೆಣ್ಣುಮಗಳೊಬ್ಬಳ ದಿನವನ್ನು ಎಣಿಸಿರಿ: 12 ತಾಸಿನ ಪಾಳಿ, ದಾರಿಗೆ ಎರಡು ತಾಸು, ರೊಟ್ಟಿ ನೀರು ಪಾತ್ರೆಗಳಿಗೆ ನಾಲ್ಕು ತಾಸು. ನಿದ್ರೆಗೆ ಉಳಿದದ್ದು ಆರು. ಮಕ್ಕಳ ಪಾಟಿಯನ್ನು ನೋಡುವದಕ್ಕೆ ಒಂದೂ ಇಲ್ಲ. ಮನೆಯ ನಾಲ್ಕು ತಾಸುಗಳನ್ನು ಯಾವ ಇನ್ಸ್ಪೆಕ್ಟರನೂ ಬರೆದುಕೊಳ್ಳುವದಿಲ್ಲ. ಪಾಲಕರಾದ ಗಂಡಸರು ಇದನ್ನು ಓದುವಾಗ ಪುಟ ತಿರುವಬಾರದಾಗಿ ಬೇಡುತ್ತೇನೆ.

ಮಾಲಕರನ್ನು ಕುರಿತು ಇಷ್ಟು ಬರೆದ ನಾನು ಎಂಥ ಮಾಲಕಳು ಎಂಬದನ್ನೂ ಹೇಳತಕ್ಕದ್ದು. ನನ್ನ ಮೇಲ್ವಿಚಾರಣೆಯ ವಸತಿಗೃಹದ ಅಡಿಗೆಮನೆಯಲ್ಲಿ ಇಬ್ಬರು ಹೆಂಗಸರಿದ್ದರು. ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸಿದರೆ ರಾತ್ರಿ ಒಂಬತ್ತಕ್ಕೆ ನೆಲ ತೊಳೆಯುವರು. ಸರತಿ ಮಾಡಿಕೊಡಿರೆಂದು ಅವರು ಕೇಳಿದಾಗ ನಾನು ಹೇಳಿದ್ದು ಸೀನಿಯರನ ಮಾತನ್ನೇ: ಮಕ್ಕಳ ಊಟವು ಕಾಯುವದಿಲ್ಲ, ಇನ್ನೊಬ್ಬಳಿಗೆ ಪಗಾರ ಎಲ್ಲಿಂದ ತರಲಿ, ಪಾಲಕರು ಶುಲ್ಕ ಏರಿಸಗೊಡುವದಿಲ್ಲ. ಎರಡು ವರ್ಷ ಹೀಗೆ ಕಳೆದವು. ಒಂದು ರಾತ್ರಿ ಅವರಲ್ಲಿ ಹಿರಿಯಳು ತೂಕಡಿಸುತ್ತ ಅನ್ನ ಬಸಿಯುವಾಗ ಗಂಜಿಯು ಮೊಳಕೈವರೆಗೆ ಚೆಲ್ಲಿತು. ಮೂರನೆಯವಳನ್ನು ನೇಮಿಸಿದ್ದು ಅದರ ಮುಂದಿನ ತಿಂಗಳಲ್ಲಿ. ಈಗ ಮೂವರೂ ಸರತಿಯಂತೆ ಎಂಟೆಂಟು ತಾಸು ದುಡಿಯುತ್ತಾರೆ; ಸುಟ್ಟ ಗಾಯದ ಕಲೆಯು ಆಕೆಯ ಕೈಮೇಲೆ ಹಾಗೆಯೇ ಇದೆ.

ಊಟದ ಶುಲ್ಕವು ಯಾಕೆ ಹೆಚ್ಚಿತೆಂದು ಕೆಲವು ಪಾಲಕರು ಪತ್ರ ಬರೆದು ಕೇಳಿದ್ದರು. ಹೆಚ್ಚಾದ ಆ ಹಣವೇ ಮೂರನೆಯವಳ ಪಗಾರ.