ನೋವು ಬರಿಸಿದ ಹೆರಿಗೆಯ ಲೆಕ್ಕ

ನನ್ನ ಮೊದಲ ಹೆರಿಗೆಗೆ ಎಷ್ಟು ಖರ್ಚಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಚೊಚ್ಚಲು ತವರುಮನೆಯದು, ಸಾಗರದಲ್ಲಿ ಆಸ್ಪತ್ರೆಯ ದುಡ್ಡು ಕಟ್ಟಿದವರು ಅಪ್ಪ. ಕೇಳಿದರೆ ‘ಅದೆಲ್ಲ ನಿನಗ್ಯಾಕೆ’ ಎಂದು ಎದ್ದುಹೋದರು. ಎರಡನೆಯದು ಗಂಡನ ಮನೆಯ ಪಾಲು ಎನ್ನುವುದು ನಮ್ಮ ಕಡೆಯ ರೂಢಿ. ಗಂಡನ ಮನೆ ಎಂದರೆ ಇಬ್ಬರೂ ದುಡಿದು ಬಾಡಿಗೆ ಕಟ್ಟುತ್ತಿರುವ ಮೈಸೂರಿನ ಎರಡು ಕೋಣೆಯ ಮನೆ. ಹೀಗಾಗಿ ಹೆರಿಗೆಯ ಬಿಲ್ಲನ್ನು ಸಾಲುಸಾಲಾಗಿ ಓದುವ ಭಾಗ್ಯ ಒದಗಿದ್ದು ಎರಡನೇ ಸಲವೇ.

ದೊಡ್ಡವನು ತಾನಾಗಿ ಬಂದವನು. ಎರಡನೆಯದಕ್ಕೆ ಡಾಕ್ಟರ್ ಕೊಟ್ಟ ಡೇಟ್ ದಾಟಿದರೂ ನೋವಿನ ಸುಳಿವಿಲ್ಲ. 41 ವಾರ ತುಂಬುತ್ತಲೇ ‘ಅಡ್ಮಿಟ್ ಆಗಿ, ನೋವು ಬರಿಸೋಣ’ ಎಂದರು. ಸುದ್ದಿ ಹರಡಿದ್ದೇ ತಡ, ‘ಹೇಗೂ ದಿನ ನಿಮ್ಮ ಕೈಲೇ ಇದೆಯಲ್ಲ, ಒಳ್ಳೆ ನಕ್ಷತ್ರ ನೋಡಿ’ ಎಂದು ನೆಂಟರ ಫೋನು. ನೋವು ಶುರು ಮಾಡುವ ದಿನವನ್ನು ಡಾಕ್ಟರ್ ಗೊತ್ತುಮಾಡಬಹುದು, ಮಗು ಹುಟ್ಟುವ ಗಳಿಗೆಯನ್ನಲ್ಲ ಎಂದು ಅವರಿಗೆ ತಿಳಿಹೇಳುವುದರಲ್ಲೇ ನನ್ನ ಯಜಮಾನರಿಗೆ ಸಾಕಾಯಿತು.

ಈ ಅನಿಶ್ಚಿತ ಗಳಿಗೆಯೇ ಹಣಕಾಸಿನ ವಿಷಯ. ನಾವು ಹೋದ ಆಸ್ಪತ್ರೆಯ ಕೌಂಟರಿನಲ್ಲಿ ಎರಡು ದರದ ಹಾಳೆ ಕೊಟ್ಟರು: ನಾರ್ಮಲ್ ಪ್ಯಾಕೇಜ್ 68,000 ರೂಪಾಯಿ, ಸಿಸೇರಿಯನ್ 1,10,000. ನಾರ್ಮಲ್ ಪ್ಯಾಕೇಜನ್ನು ಲೆಕ್ಕಹಾಕಿರುವುದು ನೋವು ತಿನ್ನುತ್ತಲೇ ಬಂದು ಹೆತ್ತು, ಎರಡು ರಾತ್ರಿ ಮಲಗಿ ಮನೆಗೆ ಹೋಗುವವಳಿಗೆ. ನೋವು ಬರಿಸಿಕೊಳ್ಳಲು ಬಂದವಳಿಗೆ ಒಂದು ರಾತ್ರಿ ಕಾಯುವುದರಲ್ಲೇ ಹೋಗುತ್ತದೆ. ಸಂಜೆ ಜೆಲ್ ಇಡುತ್ತಾರೆ, ಬೆಳಿಗ್ಗೆ ಡ್ರಿಪ್ ಹಾಕುತ್ತಾರೆ. ಡ್ರಿಪ್ ಇರುವಷ್ಟು ಹೊತ್ತೂ ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ನೋಡುತ್ತಿರಬೇಕು. ಡ್ರಿಪ್‌ಗೆ ಸೇರಿಸುವ ಆಕ್ಸಿಟೋಸಿನ್ ಆಂಪೂಲ್‌ಗೆ ಐವತ್ತು ರೂಪಾಯಿಯೂ ಇಲ್ಲ. ಬಿಲ್ಲು ಬೆಳೆಯುವುದು ಲೇಬರ್ ರೂಮಿನ ಗಂಟೆಗಳಿಂದ, ಮಾನಿಟರಿಂಗ್‌ನಿಂದ, ಹೆಚ್ಚುವರಿ ರಾತ್ರಿಯಿಂದ.

(ಆ ಪುಟ್ಟ ಆಂಪೂಲ್‌ಗೆ ದೊಡ್ಡ ಕತೆಯೇ ಇದೆ. ಹಾಲಿಗಾಗಿ ಹಸು, ಎಮ್ಮೆಗಳಿಗೆ ಚುಚ್ಚುತ್ತಾರೆಂದು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ಅದನ್ನು ತಯಾರಿಸದಂತೆ ತಡೆದು, ಹೊಣೆಯನ್ನು ನಮ್ಮ ಬೆಂಗಳೂರಿನ ಸಾರ್ವಜನಿಕ ಉದ್ದಿಮೆ ಕರ್ನಾಟಕ ಆ್ಯಂಟಿಬಯೋಟಿಕ್ಸ್‌ಗೆ ವಹಿಸಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಹೆರಿಗೆಯಾದ ಮೇಲೆ ರಕ್ತಸ್ರಾವ ತಡೆಯಲೂ ಅದೇ ಔಷಧ ಬೇಕು.)

ಕೌಂಟರಿನವರನ್ನು ನಾನು ಮೂರನೆಯ ಅಂದಾಜನ್ನೂ ಕೇಳಿದೆ: ನೋವು ಬರಿಸಿ, ಕಾದು, ಕೊನೆಗೆ ಸಿಸೇರಿಯನ್ ಆದರೆ ಎಷ್ಟು? ಹುಡುಗ ಒಳಗೆ ಹೋಗಿ ಕೇಳಿಕೊಂಡು ಬಂದ. ಸಿಸೇರಿಯನ್ ಪ್ಯಾಕೇಜು, ಅದರ ಮೇಲೆ ಅಲ್ಲಿಯವರೆಗೆ ಕಾದ ಖರ್ಚು. ನಾವು ತೆಗೆದಿಡಬೇಕಿದ್ದ ಹಣ ಇದು. ಉಳಿದೆರಡೂ ಇದರೊಳಗೇ ಬರುತ್ತವೆ. ಇನ್ನು ರೂಮಿನ ವಿಷಯ: ಅಲ್ಲಿ ರೂಮಿನ ದರ್ಜೆ ಏರಿದಂತೆ ಡಾಕ್ಟರ್ ಫೀ ಕೂಡ ಏರುತ್ತಿತ್ತು, ದಿನಕ್ಕೆ 5,000 ರೂಪಾಯಿ ದಾಟಿದ ರೂಮಿನ ಬಾಡಿಗೆಗೆ ಶೇ 5 ಜಿಎಸ್‌ಟಿ ಬೇರೆ. ನಾವು ಶೇರಿಂಗ್ ರೂಮನ್ನೇ ಹಿಡಿದೆವು. ಪಕ್ಕದ ಹಾಸಿಗೆಯವರ ಸಂಬಂಧಿಕರು ಮಧ್ಯರಾತ್ರಿಯವರೆಗೆ ಊರಿನ ಜಮೀನು ವ್ಯಾಜ್ಯ ಮಾತಾಡಿದರು, ಅದು ಬೇರೆ ಮಾತು.

ದಿನ ಮೊದಲೇ ಗೊತ್ತಿದ್ದುದರಿಂದ ಲಾಭವೂ ಆಯಿತು. ಕ್ಯಾಶ್‌ಲೆಸ್‌ಗೆ ಬೇಕಾದ ಕಾಗದಪತ್ರ ಅಡ್ಮಿಟ್ ಆಗುವ ಮುನ್ನವೇ ಹೋಗಿತ್ತು. ರಜೆಯದಂತೂ ದೊಡ್ಡ ಲಾಭ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದಾಗಿ ಮೊದಲೆರಡು ಮಕ್ಕಳಿಗೆ ಸಂಬಳಸಹಿತ 26 ವಾರ ರಜೆ. ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕೆಂದಿಲ್ಲ. ಮೈ ಸಹಕರಿಸಿದ್ದರಿಂದ ಕೊನೆಯವರೆಗೂ ಆಫೀಸಿಗೆ ಹೋದೆ; ಹೆಚ್ಚುಕಡಿಮೆ ಇಡೀ ರಜೆ ಮಗುವಿಗೇ ಉಳಿಯಿತು. ಮೂರನೆಯದಾಗಿದ್ದರೆ 12 ವಾರವಷ್ಟೇ.

‘ಎರಡನೆಯದು ಬೇಗ ಆಗುತ್ತೆ’ ಎನ್ನುವುದು ಬರೀ ಅಜ್ಜಿಯರ ಸಮಾಧಾನವಲ್ಲ. ಒಮ್ಮೆ ಸಹಜವಾಗಿ ಹೆತ್ತವರಿಗೆ ನೋವು ಬರಿಸುವುದು ಸಾಮಾನ್ಯವಾಗಿ ಬೇಗ ಫಲಿಸುತ್ತದೆ. ನನಗೂ ಡ್ರಿಪ್ ಹಾಕಿದ ಮಧ್ಯಾಹ್ನವೇ ಮಗಳು ಹುಟ್ಟಿದಳು. ನೋವಿನ ಬಗ್ಗೆ ಈ ಅಂಕಣದಲ್ಲಿ ಬರೆಯುವುದಿಲ್ಲ. ಬರಿಸಿದ ನೋವು ಬಂದ ನೋವಿಗಿಂತ ಮೆತ್ತಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅಷ್ಟು ಸಾಕು. ಬಿಲ್ಲು 86,000 ಆಯಿತು. ಯಜಮಾನರ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಹೆರಿಗೆಗೆ ಮಿತಿ 50,000, ಉಳಿದದ್ದು ನಮ್ಮ ಕೈಯಿಂದ.

ಮೂರನೇ ದಿನ ಮಗುವಿಗೆ ಕಾಮಾಲೆ ಕಾಣಿಸಿತು, ನೀಲಿ ದೀಪದ ಕೆಳಗೆ ಮಲಗಿಸಿದರು. ಮಗುವೂ ಒಬ್ಬ ರೋಗಿ, ಅದಕ್ಕೆ ಅದರದೇ ನಂಬರು, ಅದರದೇ ಬಿಲ್ಲು: 14,000. ಇದನ್ನು ನನ್ನ ಕ್ಲೇಮಿಗೇ ಸೇರಿಸಿದ್ದರು. ಹೆರಿಗೆಯ ಮಿತಿ ಆಗಲೇ ಮುಗಿದಿದ್ದರಿಂದ ಒಂದು ಪೈಸೆಯೂ ಸಿಗುತ್ತಿರಲಿಲ್ಲ. ನಮ್ಮ ಪಾಲಿಸಿಯ ಪ್ರಕಾರ ನವಜಾತ ಶಿಶುವಿನ ಕಾಯಿಲೆ ಕುಟುಂಬದ ಒಟ್ಟು ವಿಮೆಯೊಳಗೆ ಮೊದಲ ದಿನದಿಂದಲೇ ಬರುತ್ತದೆ, ಹೆರಿಗೆಯ ಮಿತಿಯೊಳಗಲ್ಲ. ಮಗುವನ್ನು ಪಾಲಿಸಿಗೆ ಸೇರಿಸಿ ಬೇರೆ ಕ್ಲೇಮ್ ಹಾಕಿಸಿದೆವು, ಬಂತು. ಎಲ್ಲ ಪಾಲಿಸಿಗಳಲ್ಲೂ ಹೀಗೆಯೇ ಇರುವುದಿಲ್ಲ. ನಿಮ್ಮ ಕಂಪನಿಯ ಎಚ್‌ಆರ್‌ನವರಿಗೆ ಏಳನೇ ತಿಂಗಳಲ್ಲೇ ಒಂದು ಮೇಲ್ ಹಾಕಿ ಕೇಳಿಕೊಳ್ಳಿ.

ಎರಡನೇ ಮಗುವಿಗೆ ಖರ್ಚು ಕಮ್ಮಿ, ತೊಟ್ಟಿಲು, ಬಟ್ಟೆ ಎಲ್ಲ ಇರುತ್ತದಲ್ಲ ಎನ್ನುವವರಿದ್ದಾರೆ. ತೊಟ್ಟಿಲು ಇತ್ತು ನಿಜ. ಆದರೆ ದೊಡ್ಡವನನ್ನು ಅರ್ಧ ದಿನದ ಡೇ ಕೇರ್‌ನಿಂದ ಪೂರ್ತಿ ದಿನಕ್ಕೆ ಹಾಕಬೇಕಾಯಿತು. ಹಳೆಯ ಬಟ್ಟೆಯಲ್ಲಿ ಉಳಿದದ್ದು ಅದರ ಒಂದು ತಿಂಗಳ ಫೀಸಿಗೂ ಸಾಲದು. ಬಾಣಂತನಕ್ಕೆ ಅಮ್ಮ ಮೈಸೂರಿಗೇ ಬಂದರು, ಅದೂ ಕೊನೆಕೊಯ್ಲಿನ ಹೊತ್ತಿಗೆ. ಅಡಿಕೆ ಸುಲಿಯಲು, ಆಳುಗಳಿಗೆ ಅಡುಗೆ ಮಾಡಲು ತವರಿನಲ್ಲಿ ಬೇರೆಯವರಿಗೆ ಕೂಲಿ ಕೊಡಬೇಕಾಯಿತು. ನಮ್ಮ ಹೆರಿಗೆಯ ಖರ್ಚು ಎಂದು ನಾನು ಬರೆದಿಟ್ಟ ಪುಸ್ತಕದಲ್ಲಿ ಆ ಹಣ ಇಲ್ಲ.

ಮಗುವಿಗೂ ನನಗೂ ಎಣ್ಣೆ ಹಚ್ಚಿ ನೀರು ಹಾಕಲು ಒಬ್ಬ ಅಜ್ಜಿ ಬರುತ್ತಿದ್ದರು, ದಿನಕ್ಕೆ 300 ರೂಪಾಯಿ. ಅವರ ಸೊಸೆಗೂ ಅದೇ ತಿಂಗಳು ಎರಡನೆಯದು, ಗಂಡು. ಸರ್ಕಾರಿ ಚೆಲುವಾಂಬ ಆಸ್ಪತ್ರೆಯಲ್ಲಿ ಹೆರಿಗೆ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಔಷಧ, ಪರೀಕ್ಷೆ, ಊಟ ಎಲ್ಲ ಉಚಿತ. ಮೊದಲ ಮಗುವಿಗೆ ಮಾತೃ ವಂದನಾ ಯೋಜನೆಯ 5,000 ರೂಪಾಯಿ ಬಂದಿತ್ತು. ಎರಡನೆಯದಕ್ಕೆ 6,000 ಉಂಟು, ಆದರೆ ಹೆಣ್ಣಾದರೆ ಮಾತ್ರ. ಹೆಣ್ಣು ಮಗುವನ್ನು ಬರಮಾಡಿಕೊಳ್ಳಲಿ ಎನ್ನುವ ಉದ್ದೇಶ ಒಪ್ಪುವಂಥದ್ದೇ. ಆದರೆ ಬಾಣಂತಿ ಮನೆಯಲ್ಲಿ ಕೂತಾಗ ತಪ್ಪುವ ಕೂಲಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಆ ಸೊಸೆ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸುವ ಹೆಂಗಸು. ನನಗೆ ಸಿಕ್ಕ 26 ವಾರ ಅವಳ ಕೆಲಸಕ್ಕೆ ಅನ್ವಯಿಸುವುದಿಲ್ಲ. ಆ ನಾಲ್ಕರಲ್ಲಿ ಎರಡು ಮನೆಯವರು ಆಗಲೇ ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದಾರೆ ಎಂದು ಅಜ್ಜಿ ಮಗುವಿನ ತಲೆಗೆ ಎಣ್ಣೆ ತಟ್ಟುತ್ತಾ ಹೇಳಿದರು.